ಮೊಸಳೆ ನೋಡುವುದು ಹೊಟ್ಟೆ ತುಂಬಿದವರ ಆಟವೇ?

ಹೋದ ಸಲ ಜಾತ್ರೆಗೆ ಊರಿಗೆ ಬಂದಾಗ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಕೂತು ಒಂದು ಸುದ್ದಿ ಹೇಳಿದೆ. ಗೋವಾದಲ್ಲಿ ನಸುಕಿನ ಹೊತ್ತು ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಹೊಳೆಗೆ ಇಳಿದು, ಮೊಸಳೆ, ನೀರುನಾಯಿ, ಹಕ್ಕಿಗಳನ್ನು ನೋಡಿ ಬಂದೆ ಅಂದೆ. ಮಾತು ಮುಗಿಯುವುದರೊಳಗೆ ನಗು ಶುರುವಾಯಿತು. “ಅಲ್ಲೋ ತಮ್ಮಾ, ದುಡಿಯಾಕ ಅಂತ ಹ್ವಾದಾಂವ ಮೊಸಳಿ ನೋಡಿ ಬಂದ್ಯಾ?” ಎಂದರು ಹಿರಿಯರೊಬ್ಬರು. ಪಕ್ಕದಲ್ಲಿದ್ದ ಸಾಲಿ ಗುರುಗಳೊಬ್ಬರು ಪೇಪರಿನಿಂದ ತಲೆ ಎತ್ತಿ, “ಅವೆಲ್ಲಾ ಹೊಟ್ಟಿ ತುಂಬಿದವರ ಆಟರೀ. ನಮ್ಮ ಹುಡುಗೂರಿಗೆ ಮೊದಲ ಲೆಕ್ಕ ಬರಲಿ” ಎಂದರು.

ಹಿರಿಯರ ಮಾತಿಗೆ ನಾನೂ ನಕ್ಕೆ. ಗುರುಗಳ ಮಾತು ಮಾತ್ರ ಎದೆಯಲ್ಲಿ ಉಳಿಯಿತು. ಅವತ್ತು ಅವರಿಗೆ ಉತ್ತರ ಕೊಡಲಿಕ್ಕೆ ನನ್ನಿಂದ ಆಗಲಿಲ್ಲ. ವಾಚನಾಲಯದವರು ಈ ವರ್ಷದ ಪುಸ್ತಕಕ್ಕೆ ಏನಾದರೂ ಬರೆದು ಕಳಿಸು ಅಂದದ್ದಕ್ಕೆ ಆ ಉತ್ತರವನ್ನೇ ಬರೆದಿದ್ದೇನೆ. ಗುರುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಮಾತು ತಪ್ಪು ಅಂತ ಮಾತ್ರ ಖಂಡಿತವಾಗಿ ಹೇಳುತ್ತೇನೆ. ಕಾಡು-ಹೊಳೆಯ ಪ್ರಾಣಿಗಳನ್ನು ನೋಡಿ ತಿಳಿದುಕೊಳ್ಳುವ ಗರಜು ಎಲ್ಲರಿಗಿಂತ ಹೆಚ್ಚು ಇರೋದು ಬಡವರಿಗೆ. ಇದು ನನ್ನ ವಾದ.

ಮೊದಲು ನನ್ನ ಕಥೆ. ನಾನು ಸಾವರ್ಡೆಗೆ ಬಂದದ್ದು 1991ರಲ್ಲಿ. ಆಗ ಈ ದಾರಿಯಲ್ಲಿ ಮೀಟರ್ ಗೇಜ್ ರೈಲು. ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ ದಾಟಿ ಘಟ್ಟ ಇಳಿದರೆ ಕುಳೆ, ಆಮೇಲೆ ಸಾವರ್ಡೆ. ಹೊಳೆಯ ಈ ದಂಡೆಗೆ ಸಾವರ್ಡೆ, ಆ ದಂಡೆಗೆ ಕುಡಚಡೆ, ನಡುವೆ ಜುವಾರಿ. ನಮ್ಮ ಸೀಮೆಯಿಂದ, ಬಾಗಲಕೋಟೆ-ವಿಜಾಪುರ ಕಡೆಯಿಂದ ಬಂದ ಮಂದಿ ಇಲ್ಲಿ ಬಹಳ. ಮೊದಲು ಅದಿರಿನ ಟ್ರಕ್ಕಿಗೆ ಕ್ಲೀನರ್ ಆದೆ, ಆಮೇಲೆ ಡ್ರೈವರ್. ಸಾಂಗೆ ಕಡೆಯ ಗಣಿಗಳಿಂದ ಅದಿರು ತುಂಬಿ ಹೊಳೆದಂಡೆಯ ಜೆಟ್ಟಿಗೆ ತಂದು ಸುರಿಯೋದು. ಅಲ್ಲಿಂದ ಬಾರ್ಜಿನಲ್ಲಿ ಅದು ಮುರಗಾಂವ ಬಂದರಿಗೆ ಹೋಗುತ್ತಿತ್ತು. ದಿನಕ್ಕೆ ಎಷ್ಟು ಟ್ರಿಪ್ಪೋ ಅಷ್ಟು ರೊಕ್ಕ. ಹೊಳೆ ಅಂದರೆ ನನ್ನ ಪಾಲಿಗೆ ಬಾರ್ಜ್ ಹೋಗುವ ರಸ್ತೆ. ಮಳೆಗಾಲದಲ್ಲಿ ಅದು ಕೆಂಪಗೆ ಹರಿಯುತ್ತಿತ್ತು. ಗಣಿಯ ಮಣ್ಣು ತೊಳೆದು ಬಂದ ನೀರು ಅದು ಅನ್ನೋದನ್ನು ಕೂಡ ನಾನು ವಿಚಾರ ಮಾಡಿರಲಿಲ್ಲ.

2012ರಲ್ಲಿ ಗಣಿ ನಿಂತವು. ಸೆಪ್ಟೆಂಬರಿನಲ್ಲಿ ಸರಕಾರ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು. ಮುಂದೆ ಮತ್ತೆ ಶುರುವಾದವು ಅನ್ನುವಷ್ಟರಲ್ಲಿ 2018ರಲ್ಲಿ ಅದೇ ಕೋರ್ಟು 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಸಾಲುಗಟ್ಟಿ ನಿಂತ ಟ್ರಕ್ಕುಗಳ ಗಾಲಿಗೆ ಹುಲ್ಲು ಬೆಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂದಿ ಊರಿಗೆ ಹೊರಟರು. ನಾನು ಒಂದು ಹಳೆಯ ಟೆಂಪೊ ಹಿಡಿದು ಕಾಯಿಪಲ್ಲೆ ಸಾಗಿಸುತ್ತ ಇಲ್ಲಿಯೇ ಉಳಿದೆ. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಹೊಳೆಯ ದಂಡೆಯಲ್ಲಿ ಇದ್ದು ಹೊಳೆಯೊಳಗೆ ಏನಿದೆ ಅಂತ ತಿಳಿಯದೆ ಇದ್ದೆ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಹೊಳೆಯ ಕೆಳಗಡೆ ಪ್ರವಾಸಿಗರನ್ನು ಕಯಾಕಿನಲ್ಲಿ ಕರೆದೊಯ್ಯುವವರ ಹತ್ತಿರ ಕೆಲಸಕ್ಕಿದ್ದಾನೆ. ಒಂದು ಜನವರಿಯಲ್ಲಿ, “ಮಾಮಾ, ನಾಳೆ ಒಂದು ಸೀಟು ಖಾಲಿ ಐತಿ, ರೊಕ್ಕಾ ಬ್ಯಾಡ, ಬಾ” ಎಂದ. ರೊಕ್ಕ ಕೊಡಬೇಕಾಗಿದ್ದರೆ ನನ್ನ ಎರಡು ದಿನದ ದುಡಿಮೆ ಹೋಗುತ್ತಿತ್ತು, ನಾನು ಹೋಗುತ್ತಲೂ ಇರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಈ ಮಾತಿಗೆ ತಿರುಗಿ ಬರುತ್ತೇನೆ.

ಕಯಾಕ್ ಅಂದರೆ ಇಬ್ಬರು ಒಬ್ಬರ ಹಿಂದೊಬ್ಬರು ಕೂಡುವ ಕಿರಿದಾದ ದೋಣಿ. ಇಂಜಿನ್ ಇಲ್ಲ. ಎರಡೂ ತುದಿಗೆ ಹಲಗೆಯಿರುವ ಒಂದೇ ಹುಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರಿಗೆ ಹಾಕಬೇಕು. ಕೂತರೆ ಸೊಂಟ ನೀರಿನ ಮಟ್ಟಕ್ಕೆ ಇರುತ್ತದೆ. ಹುಡುಗ ನನಗೆ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದ. “ಕೈ ನೀರಾಗ ಬಿಡಬ್ಯಾಡ. ಜೋರ ಮಾತಾಡಬ್ಯಾಡ. ನಾ ನಿಲ್ಲು ಅಂದಲ್ಲೆ ನಿಲ್ಲಬೇಕು” ಅಂದ. ನಾನು ಎತ್ತಿ ಆಡಿಸಿದ ಹುಡುಗ ನನಗೆ ಹುಕುಂ ಮಾಡುತ್ತಿದ್ದ!

ಸಮುದ್ರದ ಉಬ್ಬರ-ಇಳಿತ ಈ ಹೊಳೆಯಲ್ಲಿ ಸಾವರ್ಡೆಯ ತನಕ ಬರುತ್ತದೆ. ಇಲ್ಲಿಯವರು ಭರತಿ-ಸುಕತಿ ಅನ್ನುತ್ತಾರೆ. ಅವತ್ತು ನಸುಕಿಗೆ ಸುಕತಿ. ನೀರು ಇಳಿದು ದಂಡೆಯ ಕೆಸರು ತೆರೆದುಕೊಂಡಿತ್ತು. ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಕೆಸರಿನಲ್ಲಿ ಸಣ್ಣ ಮೀನುಗಳು ಎದೆಯ ರೆಕ್ಕೆ ಊರಿ ತೆವಳುತ್ತಿದ್ದವು, ನೀರಿನ ಹೊರಗೇ! ನೀರುಕಾಗೆ ಗೂಟದ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿತ್ತು. ದೊಡ್ಡ ಕೆಂಪು ಕೊಕ್ಕಿನ ಮಿಂಚುಳ್ಳಿ ಕಾಂಡ್ಲಾ ಗಿಡದಿಂದ ನೀರಿಗೆ ಬಿದ್ದು ಎದ್ದಿತು. ಬಿಳಿ ತಲೆಯ ಗರುಡ ಮೇಲೆ ಸುತ್ತುತ್ತಿತ್ತು. ಒಂದು ಕಲ್ಲಿನ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ತೋರಿಸಿ, “ಇದು ನೀರುನಾಯಿದು” ಎಂದ ಹುಡುಗ. ಸ್ವಲ್ಪ ಹೊತ್ತಿನಲ್ಲೇ ಮೂರು ತಲೆಗಳು ನೀರಿನಿಂದ ಎದ್ದು ನಮ್ಮನ್ನು ನೋಡಿ ಮುಳುಗಿದವು.

ಆಮೇಲೆ ಮೊಸಳೆ. ಹುಡುಗ ಹುಟ್ಟು ಎತ್ತಿ ನಿಲ್ಲಿಸಿದ. ನನಗೆ ಕೆಸರು ಬಿಟ್ಟರೆ ಏನೂ ಕಾಣಲಿಲ್ಲ. ಆತ ಬೆರಳು ಮಾಡಿ ತೋರಿಸಿದ ಮೇಲೆ ಕೆಸರಿನ ದಿಬ್ಬಕ್ಕೆ ಹಲ್ಲು ಕಾಣಿಸಿದವು. ಬಾಯಿ ತೆರೆದು ಮಲಗಿತ್ತು. “ಸಿಟ್ಟಿಲೆ ಬಾಯಿ ತಗದಿಲ್ಲ ಮಾಮಾ. ಅದರ ರಕ್ತ ತಣ್ಣಗಿರತೈತಿ. ಥಂಡ್ಯಾಗ ಬಿಸಿಲಿಗೆ ಬಂದು ಮೈ ಕಾಯಿಸ್ತೈತಿ. ಬಿಸಿ ಹೆಚ್ಚಾದ್ರ ಬಾಯಿ ತಗದು ಕಮ್ಮಿ ಮಾಡ್ಕೋತೈತಿ” ಎಂದ. ಹತ್ತನೇ ಇಯತ್ತೆ ಫೇಲಾದ ಹುಡುಗ ಇವನು. ಇದನ್ನು ಯಾವ ಸಾಲಿಯೂ ಅವನಿಗೆ ಕಲಿಸಿರಲಿಲ್ಲ. ದಿನಾ ನೋಡಿ, ಕೇಳಿ ಕಲಿತಿದ್ದ. ನೋಡುತ್ತಾ ಇದ್ದಾಗಲೇ ಒಂದು ಮೋಟಾರು ಬೋಟು ಬಂತು. ಅದರಲ್ಲಿದ್ದ ಮಂದಿ ಸಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಮೊಸಳೆ ಸದ್ದಿಲ್ಲದೆ ನೀರಿಗೆ ಜಾರಿತು. ಅಷ್ಟು ದೊಡ್ಡ ಮೈ ನೀರಿಗಿಳಿದರೂ ನೀರು ಅಲುಗಲಿಲ್ಲ. ಆ ದೃಶ್ಯ ನನ್ನ ತಲೆಯಿಂದ ಹೋಗಲಿಲ್ಲ, ಹೋಗದೇ ಇದ್ದದ್ದೇ ಒಳ್ಳೆಯದಾಯಿತು.

ಯಾಕೆ ಅಂದರೆ ಮೂರು ತಿಂಗಳ ಮೇಲೆ, ಬೇಸಿಗೆಯಲ್ಲಿ, ನಮ್ಮ ಓಣಿಯ ಹಿಂದಿನ ಹೊಳೆಗಟ್ಟೆಯಲ್ಲಿ ಒಂದು ಘಟನೆ ನಡೆಯಿತು. ಪಕ್ಕದ ಮನೆಯ ಹತ್ತು ವರ್ಷದ ಹುಡುಗ ಸಂಜೆ ಕತ್ತಲಾಗುವಾಗ ಕಾಲು ತೊಳೆಯಲಿಕ್ಕೆ ಇಳಿದಿದ್ದ. ಅವನ ನಾಯಿ ಮುಂದೆ ಓಡಿ ನೀರಿಗೆ ಬಾಯಿ ಹಚ್ಚಿತು. ನೀರು ಒಮ್ಮೆ ಸೀಳಿತು, ನಾಯಿ ಇಲ್ಲ. ಹುಡುಗ ನಾಲ್ಕು ಮಾರು ಹಿಂದೆ ನಿಂತಿದ್ದ. ಎರಡು ದಿನ ಅವನ ಬಾಯಿಂದ ಮಾತು ಹೊರಡಲಿಲ್ಲ. ಅವನ ತಾಯಿ ನನ್ನ ಹೆಂಡತಿಯ ಕೈ ಹಿಡಿದು, “ಯಕ್ಕಾ, ನನ್ನ ಕೂಸು ಮುಂದಿದ್ದರ?” ಅಂತ ಅದನ್ನೇ ಅದನ್ನೇ ಕೇಳುತ್ತಿದ್ದಳು.

ಗುರುಗಳೇ, ಆ ತಾಯಿಯ ಮುಂದೆ ನಿಂತು ಇದು ಹೊಟ್ಟೆ ತುಂಬಿದವರ ಆಟ ಅನ್ನಲಿಕ್ಕೆ ಬರುತ್ತದೆಯೇ?

ರೊಕ್ಕ ಇದ್ದವನ ಮನೆಯಲ್ಲಿ ನಳ ಇರುತ್ತದೆ. ಅವನ ಮಗ ಹೊಳೆಗಟ್ಟೆಗೆ ಇಳಿಯುವುದಿಲ್ಲ. ಮೊಸಳೆ ಯಾವಾಗ ಎಲ್ಲಿರುತ್ತದೆ ಅಂತ ತಿಳಿಯದಿದ್ದರೆ ಅವನಿಗೇನೂ ನಷ್ಟವಿಲ್ಲ. ಅವನು ಮೊಸಳೆ ನೋಡೋದು ಖುಷಿಗೆ. ಬಟ್ಟೆ ಒಗೆಯೋಳು, ಬಲೆ ಬೀಸೋನು, ದನ ತೊಳೆಯೋನು, ಕಾಲು ತೊಳೆಯಲು ಹೋಗುವ ಹುಡುಗ, ಇವರು ನೋಡಬೇಕಾದ್ದು ಜೀವಕ್ಕಾಗಿ. ಮೊಸಳೆ ಬೆಳಿಗ್ಗೆ ದಂಡೆಯ ಮೇಲೆ ಕಣ್ಣಿಗೆ ಬಿದ್ದರೆ ಭಯ ಕಡಿಮೆ. ಕತ್ತಲಲ್ಲಿ, ಕಾಣದೆ, ದಂಡೆಯ ಅಂಚಿನ ನೀರಿನಲ್ಲಿ ಇದ್ದಾಗ ಭಯ ಹೆಚ್ಚು. ದಿನಾ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುವ ಪ್ರಾಣಿಯನ್ನು ಅದು ಹೊಂಚಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಹೆಣ್ಣು ಮೊಸಳೆ ದಂಡೆಯ ಮಣ್ಣಲ್ಲಿ ಗುಂಡಿ ತೋಡಿ ಇಪ್ಪತ್ತೈದು-ಮೂವತ್ತು ಮೊಟ್ಟೆ ಇಟ್ಟು ಕಾಯುತ್ತಿರುತ್ತದೆ. ಆಗ ಅದರ ಹತ್ತಿರ ಸುಳಿಯಲೇಬಾರದು. ಇವನ್ನು ತಿಳಿದಿದ್ದರೆ ಆ ಹುಡುಗ ಆ ಹೊತ್ತಿಗೆ ಅಲ್ಲಿಗೆ ಹೋಗುತ್ತಿರಲಿಲ್ಲ. ಲೆಕ್ಕ ಬರಬೇಕು, ನಿಜ. ಜೀವ ಉಳಿದರೆ ಲೆಕ್ಕ.

ಮರುದಿನ ರಾತ್ರಿ ನಮ್ಮ ಓಣಿಯ ಗಂಡಸರು ಹಗ್ಗ, ಬಡಿಗೆ, ಕೊಡಲಿ ಹಿಡಿದು ಹೊರಟರು. ನಾನು ಅಡ್ಡ ನಿಂತೆ. “ನಿನಗ್ಯಾಕಪಾ ಮೊಸಳಿ ಮ್ಯಾಲ ಇಷ್ಟ ಮಮತಾ?” ಎಂದರು. ಮಮತೆಯ ಮಾತಲ್ಲ. ಕತ್ತಲಲ್ಲಿ ನೀರಿನ ಅಂಚಿಗೆ ಹೋಗೋದು ಅಂದರೆ ನಾಯಿ ಹೋದ ದಾರಿಯಲ್ಲೇ ಹೋಗೋದು. ಮೇಲಾಗಿ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಹುಲಿಯ ಜೊತೆಗೆ ಈ ಮೊಸಳೆಯೂ ಇದೆ. ಕೊಂದವನು ಜೇಲಿಗೆ ಹೋಗುತ್ತಾನೆ. ಪರಊರಿನಲ್ಲಿ ದುಡಿಯಲಿಕ್ಕೆ ಬಂದವರ ಪರವಾಗಿ ಸಾಕ್ಷಿ ಹೇಳುವವರು ಯಾರು? ಅದೂ ಬೇಡ, ಕೊಂದೇ ಬಿಟ್ಟಿರಿ ಅನ್ನೋಣ. ಜಾಗ ಖಾಲಿಯಾದರೆ ಇನ್ನೊಂದು ಬರುತ್ತದೆ. ಅದನ್ನು ಕರೆಯುವ ಊಟವನ್ನು ನಾವೇ ಬಡಿಸಿ ಇಟ್ಟಿದ್ದೇವಲ್ಲ!

ಇಲ್ಲಿ ನಾನು ನಮ್ಮವರಿಗೇ, ಅದರೊಳಗೆ ನನಗೂ, ಕಹಿ ಮಾತು ಹೇಳಬೇಕು. ಆ ಗಟ್ಟೆಯ ಪಕ್ಕದಲ್ಲಿಯೇ ಕೋಳಿ ಅಂಗಡಿಯ ಕರುಳು, ಪುಕ್ಕ, ಮೀನಿನ ತಲೆ, ಹಳಸಿದ ಅನ್ನ ಎಲ್ಲವೂ ಬೀಳುತ್ತಿದ್ದವು. ನಮ್ಮ ಮನೆಯ ಮೀನಿನ ಕಸವನ್ನು ವರ್ಷಾನುಗಟ್ಟಲೆ ನಾನೇ ಅಲ್ಲಿ ಚೆಲ್ಲಿದ್ದೇನೆ. ನಾಯಿಗಳು ಅದಕ್ಕೇ ಬರುತ್ತಿದ್ದವು, ಮೊಸಳೆ ಕಸಕ್ಕೂ ಬಂತು, ನಾಯಿಗೂ ಬಂತು. ಮುಂದೆ ಬರಬೇಕಾದದ್ದು ಯಾರು? ಮೊಸಳೆಗೆ ಬೈಯುವ ಮುಂಚೆ ನಮ್ಮ ಕೈಯ ಪ್ಲಾಸ್ಟಿಕ್ ಚೀಲ ನೋಡಿಕೊಳ್ಳಬೇಕು ಅಂದೆ. ಅವತ್ತು ಬೈಸಿಕೊಂಡೆ. ಆಮೇಲೆ ಹೆಂಗಸರು ನನ್ನ ಮಾತು ಹಿಡಿದರು. ಕೋಳಿ ಅಂಗಡಿಯವನ ಜೊತೆ ಜಗಳ ಆಡಿದವರು ಅವರೇ. ಈಗ ಅಲ್ಲಿ ಕಸ ಬೀಳುವುದಿಲ್ಲ. ಹೊತ್ತು ಮುಳುಗಿದ ಮೇಲೆ ಯಾರೂ ಇಳಿಯುವುದಿಲ್ಲ. ಮೊಸಳೆ ಮತ್ತೆ ಬಂದೇ ಇಲ್ಲ ಅಂತ ನಾನು ಹೇಳಲಾರೆ. ಮೇಲಿನ ದಿಬ್ಬದಿಂದ ಒಂದೆರಡು ಸಲ ಕಂಡಿದೆ. ಕಂಡದ್ದೇ ಮುಖ್ಯ. ಈಗ ನಾವು ಅದನ್ನು ಮೊದಲು ನೋಡುತ್ತೇವೆ.

ಇದು ಪೇಟೆಯವರಿಂದ ಬಂದ ಹೊಸ ಶೋಕಿ ಅಂತ ಇನ್ನೂ ಅನ್ನುವವರಿಗೆ ಇಲ್ಲಿಯದೇ ಒಂದು ಪದ್ಧತಿ ಹೇಳುತ್ತೇನೆ. ಜುವಾರಿಗೂ ಮಾಂಡವಿಗೂ ನಡುವೆ ಕುಂಭಾರಜುವೆ ಕಾಲುವೆ ಇದೆ. ಅಲ್ಲಿ ಉಪ್ಪು ನೀರಿನಲ್ಲಿಯೂ ಮೊಸಳೆಗಳು ಬಾಳುತ್ತವೆ. ಫೋಂಡಾ ತಾಲೂಕಿನ ದುರ್ಭಾಟದಂತಹ ಊರುಗಳಲ್ಲಿ ಹೊಳೆದಂಡೆಯ ಗದ್ದೆಗಳಿಗೆ ಖಾಜನ್ ಅನ್ನುತ್ತಾರೆ. ಸಮುದ್ರದ ಉಬ್ಬರ ಒಳಗೆ ಬರದಂತೆ ಮಣ್ಣಿನ ಒಡ್ಡು ಕಟ್ಟಿ, ತೂಬಿನ ಬಾಗಿಲು ಇಟ್ಟು, ತಲೆತಲಾಂತರದಿಂದ ಭತ್ತ ಬೆಳೆದ ನೆಲ ಅದು. ಪುಷ್ಯ ಮಾಸದ ಅಮಾವಾಸ್ಯೆಗೆ ಆ ಗದ್ದೆಯ ಮಂದಿ ಕೆಸರಿನಿಂದಲೇ ಒಂದು ಮೊಸಳೆ ಮಾಡಿ, ಚಿಪ್ಪು-ಕಡ್ಡಿಗಳಿಂದ ಹಲ್ಲು-ಬೆನ್ನು ಮಾಡಿ ಪೂಜಿಸುತ್ತಾರೆ. ಮಾನಗೆ ಥಾಪಣೀ ಅಂತ ಅದರ ಹೆಸರು. ಮಾನಗೆ ಅಂದರೆ ಕೊಂಕಣಿಯಲ್ಲಿ ಮೊಸಳೆ. ಅವರು ಹೊಟ್ಟೆ ತುಂಬಿದವರಲ್ಲ, ಮೊಣಕಾಲು ಮಟ ಕೆಸರಿನಲ್ಲಿ ನಿಂತು ಹೊಟ್ಟೆ ತುಂಬಿಸಿಕೊಂಡವರು. ಮೊಸಳೆಯ ಬೆನ್ನಿನ ಹುರುಪೆ ಹೇಗಿರುತ್ತದೆ ಅಂತ ನೋಡದವನಿಗೆ ಕೆಸರಿನಲ್ಲಿ ಅದನ್ನು ಮಾಡಲಿಕ್ಕೆ ಬಂದೀತೇ?

ನಮ್ಮ ನಾಡನ್ನೇ ನೋಡಿ. ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಬಾತುಗಳು ಬರುತ್ತವೆ. ಹಿಮಾಲಯದ ಆಚೆಯಿಂದ, ಟಿಬೆಟ್-ಮಂಗೋಲಿಯಾ ಕಡೆಯಿಂದ ಹಾರಿ ಬರುವ ಹಕ್ಕಿ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಕಾಪಾಡಬೇಕಾದ ಕೆರೆಗಳ ಪಟ್ಟಿಗೆ. ಕಟ್ಟೆಯ ಮೇಲೆ ಅವತ್ತು ನಕ್ಕವರಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆ? ಬಸ್ಸಿನ ದಾರಿ ಅದು! ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಅಂತ ಘೋಷಿಸಿದರು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಅಲ್ಲಿಯ ರೈತರು ಅವನ್ನು ಓಡಿಸಲಿಲ್ಲ, ಹಿಕ್ಕೆಯನ್ನು ಗೊಬ್ಬರಕ್ಕೆ ಬಳಸಿದರು, ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅಂದರು. ಇವರೆಲ್ಲ ಸಾಹುಕಾರರೇ?

ಇಷ್ಟು ಹೇಳಿದೆ ಅಂತ ನಾನು ಪ್ರವಾಸದ ವ್ಯಾಪಾರದವರ ವಕೀಲ ಅಂದುಕೊಳ್ಳಬೇಡಿ. ಅವರಿಗೂ ನನ್ನ ಮಾತಿದೆ. ಹೊಳೆ ಎಲ್ಲರದು, ನೋಡುವ ಹಕ್ಕು ಮಾತ್ರ ರೊಕ್ಕ ಕೊಟ್ಟವರದು ಅನ್ನುವ ಹಾಗೆ ಆಗಿದೆ. ದೋಣಿ, ಜಾಕೆಟ್ಟು, ಕೆಲಸದವರ ಪಗಾರ, ಇವಕ್ಕೆ ಖರ್ಚಿದೆ, ಒಪ್ಪಿದೆ. ವರ್ಷಕ್ಕೆ ಒಂದು ದಿನ ಆ ದಂಡೆಯ ಸಾಲಿ ಹುಡುಗರಿಗೆ ಪುಕ್ಕಟೆ ತೋರಿಸಿದರೆ ಗಂಟೇನು ಹೋಗುತ್ತದೆ? ಇನ್ನು ಗಿರಾಕಿಗೆ ಫೋಟೊ ಸಿಗಲಿ ಅಂತ ಮೊಸಳೆಯ ಮೈಮೇಲೆ ಬೋಟು ಒಯ್ಯುವವರು, ಕೋಳಿ ತುಂಡು ಎಸೆದು ಕರೆಯುವವರು ಎಲ್ಲೇ ಇರಲಿ, ಅವರು ಮಾಡುವುದು ಪಾಪದ ಕೆಲಸ. ಮನುಷ್ಯ ಬಂದರೆ ಊಟ ಬಂತು ಅಂತ ಮೊಸಳೆಗೆ ಕಲಿಸಿದ ಮೇಲೆ, ಊಟ ತರದ ಮನುಷ್ಯ ಗಟ್ಟೆಗೆ ಇಳಿದಾಗ ಏನಾಗುತ್ತದೆ? ಗಿರಾಕಿ ಫೋಟೊ ಹಿಡಿದು ಊರಿಗೆ ಹೋಗಿರುತ್ತಾನೆ. ಗಟ್ಟೆಯ ಮೇಲೆ ಉಳಿಯುವವರು ನಾವು.

ನೋಡುವುದಕ್ಕೂ ಮುಗಿಬೀಳುವುದಕ್ಕೂ ವ್ಯತ್ಯಾಸ ಇದೆ. ಇದನ್ನು ನಮ್ಮ ಊರು ಬಹಳ ಕಷ್ಟದಿಂದ ಕಲಿತಿದೆ. 2017ರ ಮೇ ತಿಂಗಳಲ್ಲಿ ಒಬ್ಬ ಯುವಕ ಹೊಳೆಗೆ ಹಾರಿದ. ಅವನನ್ನು ಹುಡುಕುವುದನ್ನು ನೋಡಲಿಕ್ಕೆ ಮಂದಿ ಪೋರ್ತುಗೀಜರ ಕಾಲದ ಹಳೆಯ ಕಾಲುಸೇತುವೆಯ ಮೇಲೆ ನೆರೆದರು. ಓಡಾಟಕ್ಕೆ ಬಂದ್ ಆಗಿದ್ದ ಸೇತುವೆ ಅದು. ಭಾರಕ್ಕೆ ಕುಸಿಯಿತು, ನಿಂತವರು ನೀರಿಗೆ ಬಿದ್ದರು, ಸಾವೂ ಆಯಿತು. ಸತ್ತವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವತ್ತು ನಾನು ಟೆಂಪೊ ಬಾಡಿಗೆಗೆ ಹೋಗಿರದಿದ್ದರೆ ನಾನೂ ಅಲ್ಲೇ ನಿಂತಿರುತ್ತಿದ್ದೆ. ಹೊಳೆಯ ಹತ್ತಿರ ಹೇಗೆ ನಿಲ್ಲಬೇಕು, ಎಷ್ಟು ದೂರ ನಿಲ್ಲಬೇಕು ಅನ್ನುವುದು ಕಲಿಯಬೇಕಾದ ವಿದ್ಯೆ. ಅದು ನಮಗೆ ಯಾರೂ ಕಲಿಸಲಿಲ್ಲ.

ಅದಕ್ಕೇ ಗುರುಗಳೇ, ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ನೀವು ಕಲಿಸಿರಿ. ಕಯಾಕ್ ಬೇಡ. ಮೊಸಳೆ ಇರುವ ನೀರಿಗೆ ಮಕ್ಕಳನ್ನು ಇಳಿಸಿರಿ ಅಂತ ನಾನು ಯಾವತ್ತೂ ಹೇಳಲಾರೆ. ಎತ್ತರದ ದಂಡೆ ಸಾಕು, ಕೆರೆಯ ಏರಿ ಸಾಕು. ವರ್ಷಕ್ಕೆ ಎರಡು ಮುಂಜಾನೆ, ಒಂದು ಮಳೆಗಾಲ ಮುಗಿದ ಮೇಲೆ, ಒಂದು ಥಂಡಿಯಲ್ಲಿ. ಹೊತ್ತು ಹುಟ್ಟುವ ಮುಂಚೆ ಹೋಗಬೇಕು. ಅರ್ಧ ತಾಸು ಯಾರೂ ಮಾತಾಡಬಾರದು. ಒಂದು ಎರಡು ರೂಪಾಯಿ ಪೆನ್ನು, ಹಳೆಯ ನೋಟ್‌ಬುಕ್ಕು. ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ನೀರು ಎಲ್ಲಿಯ ತನಕ ಇತ್ತು ಅಂತ ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ತೆಗೆಯಲಿ. ಹೋದ ವರ್ಷದ ಪುಟದ ಜೊತೆ ಈ ವರ್ಷದ್ದನ್ನು ಹೋಲಿಸಿ ಕೂಡಿಸಿ ಕಳೆಯಲಿ. ನೀವು ಕೇಳಿದ ಲೆಕ್ಕವೂ ಅದರಲ್ಲೇ ಬಂತಲ್ಲ! ಅಂಥ ನೋಟ್‌ಬುಕ್ಕುಗಳನ್ನು ಇಡಲಿಕ್ಕೆ ನಮ್ಮ ವಾಚನಾಲಯದಲ್ಲಿ ಒಂದು ಕಪಾಟಿನ ಅರ್ಧ ಖಾನೆ ಬಿಟ್ಟುಕೊಡಬೇಕು ಅಂತ ಇಲ್ಲಿಂದಲೇ ವಿನಂತಿ ಮಾಡುತ್ತೇನೆ. ಇದೇ ಕಪಾಟಿನ ಪುಸ್ತಕ ಓದಿದ್ದಕ್ಕೇ ಒಬ್ಬ ಟ್ರಕ್ ಡ್ರೈವರ್ ಇಷ್ಟು ಬರೆಯುವಂತಾದ.

ಊರಿನವರಿಗೆ ಒಂದೇ ಮಾತು. ಹಳ್ಳಕ್ಕೆ, ಕೆರೆಗೆ ಕೋಳಿ ಕಸ, ಸತ್ತ ದನ ಹಾಕಬೇಡಿ. ಅದನ್ನು ತಿನ್ನಲು ಬರುವ ಪ್ರಾಣಿ ನಿಮ್ಮ ಅಂಗಳಕ್ಕೂ ಬರುತ್ತದೆ. ನಮ್ಮ ಹಳ್ಳದಲ್ಲಿ ಮೊಸಳೆ ಇಲ್ಲ ಅಂತ ನಗಬೇಡಿ. ಹಾವಿದೆ, ಹುಚ್ಚುನಾಯಿ ಇದೆ.

ಪಕ್ಕದ ಮನೆಯ ಆ ಹುಡುಗ ಈಗ ಏಳನೇ ಇಯತ್ತೆ. ರವಿವಾರ ಬೆಳಿಗ್ಗೆ ನನ್ನ ಜೊತೆ ದಿಬ್ಬದ ಮೇಲೆ ಬಂದು ಕೂಡುತ್ತಾನೆ. ಮೊದಮೊದಲು ನೀರಿನ ಕಡೆ ಮುಖವನ್ನೇ ಹಾಕುತ್ತಿರಲಿಲ್ಲ. ಹೋದ ವಾರ ನನಗಿಂತ ಮೊದಲು ಅವನೇ ಕಂಡ. “ಕಾಕಾ, ಅಲ್ಲಿ ನೋಡ್ರಿ, ಬಾಯಿ ತಗದೈತಿ. ಮೈ ಕಾಯಿಸಾಕತ್ತೈತಿ” ಎಂದ. ಅವನ ದನಿ ನಡುಗುತ್ತಿತ್ತು, ಆದರೂ ಕಣ್ಣು ತೆಗೆಯಲಿಲ್ಲ. ಅವನ ಅಪ್ಪ ಗಾರೆ ಕೆಲಸದವ, ಅವ್ವ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾಳೆ. ಅವತ್ತು ಅವನು ಮುಂಜಾನೆ ಚಹಾ ಬಿಟ್ಟರೆ ಬೇರೇನೂ ತಿಂದಿರಲಿಲ್ಲ.